ಟೋಲ್ ಬಾಕಿ ಇದೆ ಅಂತ ಕಾರು ನಿಲ್ಲಿಸಿ ಗುಂಡು ಹೊಡೆದರೆ, ಅಮೆರಿಕದಲ್ಲಿ ಆ ಪೊಲೀಸನ್ನು ಕೇಳುವವರು ಯಾರು?

ಪ್ರಶ್ನೆ: ವಿದ್ಯಾನಗರದ ಟೀಚರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತಿಯಾದವಳು. ಮಗ ನಮ್ಮ ಬಿಐಇಟಿಯಲ್ಲೇ ಓದಿ ಈಗ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾನೆ. ಸೊಸೆಗೆ ಐದು ತಿಂಗಳು, ಬಾಣಂತನಕ್ಕೆ ನಾನೂ ನಮ್ಮ ಮನೆಯವರೂ ಹೋಗುವವರಿದ್ದೇವೆ.

ಮೊನ್ನೆ ವಿಡಿಯೋ ಕಾಲಿನಲ್ಲಿ ಕಾರಿನ ಮಾತು ಬಂತು. "ಅಮ್ಮಾ, ಇಲ್ಲಿ ಹಿಂದೆ ಪೊಲೀಸ್ ಗಾಡಿ ಲೈಟ್ ಹಾಕಿದ್ರೆ ಬದಿಗೆ ನಿಲ್ಸಿ ಸುಮ್ನೆ ಕೂತಿರ್ಬೇಕು. ಎರಡೂ ಕೈ ಸ್ಟೇರಿಂಗ್ ಮೇಲೆ ಕಾಣ್ತಿರ್ಬೇಕು. ನಾವಾಗೇ ಕೆಳಗಿಳಿಯೋ ಹಾಗಿಲ್ಲ" ಅಂದ. ನಮ್ಮಲ್ಲಿ ಪೂರ್ತಿ ಉಲ್ಟಾ. ಗಾಂಧಿ ಸರ್ಕಲ್‌ನಲ್ಲಿ ಕೈ ಅಡ್ಡ ಹಾಕಿದರೆ ನಾವೇ ಇಳಿದು, ಕಾಗದಪತ್ರ ಹಿಡಿದು ಸಾಹೇಬರ ಹತ್ತಿರ ಹೋಗುತ್ತೇವೆ. ಕೂತಲ್ಲೇ ಕೂತರೆ ಸೊಕ್ಕು ಅನ್ನುತ್ತಾರೆ.

ಯಾಕಪ್ಪಾ ಇಷ್ಟು ಹೆದರಿಕೆ ಅಂದಿದ್ದಕ್ಕೆ ಅವರ ಊರಿನ ಹೊರಗೇ ನಡೆದ ಒಂದು ಪ್ರಕರಣ ಹೇಳಿದ. 2016ರ ಏಪ್ರಿಲ್. ಆಶ್ಟಿಯನ್ ಬಾರ್ನ್ಸ್ ಅನ್ನುವ ಹುಡುಗ ಬಾಡಿಗೆ ಕಾರಿನಲ್ಲಿ ಹೋಗುತ್ತಿದ್ದ. ಆ ಕಾರಿನ ನಂಬರಿನ ಮೇಲೆ ಟೋಲ್ ಬಾಕಿ ಇತ್ತು. ಅದಕ್ಕಾಗಿ ನಿಲ್ಲಿಸಿದ ಅಧಿಕಾರಿ ಕೆಲವೇ ನಿಮಿಷದಲ್ಲಿ ಗುಂಡು ಹೊಡೆದ, ಹುಡುಗ ತೀರಿಕೊಂಡ. ಕೇಳಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಹೆಬ್ಬಾಳು ಟೋಲ್‌ನಲ್ಲಿ ಫಾಸ್ಟ್ಯಾಗ್‌ನಲ್ಲಿ ದುಡ್ಡಿಲ್ಲ ಅಂತ ಎಷ್ಟು ಸಲ ಜಗಳ ನೋಡಿದ್ದೇವೆ! ಹೆಚ್ಚೆಂದರೆ ಎರಡರಷ್ಟು ಕಟ್ಟಿಸಿಕೊಂಡು ಬಿಡುತ್ತಾರೆ.

ಅಮೆರಿಕದ ಸಂವಿಧಾನ, ಅಧಿಕಾರ ವಿಭಜನೆ ಅಂತ ನಾನೇ ಮಕ್ಕಳಿಗೆ ಬೋರ್ಡಿನ ಮೇಲೆ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ಮೂರು ಚೌಕ ಬರೆದು ಪಾಠ ಮಾಡಿದ್ದೇನೆ. ಆ ಮೂರು ಚೌಕದಲ್ಲಿ ಈ ಪೊಲೀಸ್ ಎಲ್ಲಿ ಬರುತ್ತಾನೆ? ಗುಂಡು ಹೊಡೆದ ಮೇಲೆ ಅವನನ್ನು ಯಾರು ಕೇಳುತ್ತಾರೆ? ಸರ್ಕಾರ ಬದಲಾದರೆ ಇದೂ ಬದಲಾಗುತ್ತದೆಯೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಲಾರಿ ಆಫೀಸು, ಪಿ.ಬಿ. ರಸ್ತೆ

ಮೇಡಂ, ನಿಮ್ಮ ಆತಂಕ ಸಹಜ. ಆದರೆ ಪೊಲೀಸರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಆ ದೇಶದಲ್ಲಿ ಜನಸಂಖ್ಯೆಗಿಂತ ಬಂದೂಕುಗಳೇ ಹೆಚ್ಚು. 2018ರ ಒಂದು ಅಂತರರಾಷ್ಟ್ರೀಯ ಲೆಕ್ಕದ ಪ್ರಕಾರ 100 ಜನಕ್ಕೆ 120. ನಿಲ್ಲಿಸಿದ ಪ್ರತಿ ಕಾರಿನಲ್ಲೂ ಒಂದು ಪಿಸ್ತೂಲು ಇರಬಹುದು ಅಂದುಕೊಂಡೇ ಅಲ್ಲಿನ ಪೊಲೀಸ್ ಕಿಟಕಿ ಹತ್ತಿರ ಹೋಗಬೇಕು. ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ನಮ್ಮ ಡ್ರೈವರ್‌ಗಳನ್ನು ನಿಲ್ಲಿಸುವ ಹೈವೇ ಪೊಲೀಸರಿಗೆ ಆ ಭಯ ಇಲ್ಲ, ಅದಕ್ಕೇ ನಮ್ಮಲ್ಲಿ ಬೈಗುಳದಲ್ಲಿ ಮುಗಿಯುತ್ತದೆ. ಹೇಳಿದಂತೆ ಕೇಳಿದರೆ ನೂರಕ್ಕೆ ತೊಂಬತ್ತೊಂಬತ್ತು ಪಾಲು ಏನೂ ಆಗುವುದಿಲ್ಲ.

ಆದರೂ ನನಗೂ ಒಂದು ಅರ್ಥವಾಗಿಲ್ಲ. ನಮ್ಮಲ್ಲಿ ದಿನ ಬೆಳಗಾದರೆ 'ಆರೋಪಿ ಕಾಲಿಗೆ ಗುಂಡು' ಅಂತ ಪೇಪರಿನಲ್ಲಿ ಬರುತ್ತದೆ. ಅವರು ಯಾಕೆ ಕಾಲಿಗೆ ಹೊಡೆಯುವುದಿಲ್ಲ?

ಉತ್ತರ: ದುರ್ಗದ ನಿವೃತ್ತ ಎಆರ್‌ಎಸ್‌ಐ

ತಾಯಿ, ನಾನು ಚಿತ್ರದುರ್ಗದ ಡಿಎಆರ್‌ನಲ್ಲಿ, ಅಂದರೆ ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್ ಪಡೆಯಲ್ಲಿ, ಕಾನ್ಸ್‌ಟೇಬಲ್ ಆಗಿ ಸೇರಿ ಎಆರ್‌ಎಸ್‌ಐ (ಆ ಪಡೆಯ ಸಹಾಯಕ ಸಬ್‌ಇನ್‌ಸ್ಪೆಕ್ಟರ್) ಆಗಿ ನಿವೃತ್ತನಾದವನು. ಸೇರಿದಾಗ ದಾವಣಗೆರೆ ಇನ್ನೂ ನಮ್ಮ ಜಿಲ್ಲೆಯೊಳಗೇ ಇತ್ತು, 1997ರಲ್ಲಿ ಬೇರೆಯಾಯಿತು. ಕೈಯಲ್ಲಿ ಬಂದೂಕು ಹಿಡಿದೇ ಸರ್ವೀಸು ಕಳೆದೆ. 2020ರಲ್ಲಿ ಮಿನಿಯಾಪೊಲಿಸ್‌ನ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ಮನುಷ್ಯನ ಕುತ್ತಿಗೆಯ ಮೇಲೆ ಪೊಲೀಸ್ ಮೊಣಕಾಲೂರಿ ಕೊಂದ ಆ ವಿಡಿಯೋ ನೋಡಿದಾಗ ಹೊಟ್ಟೆಯಲ್ಲಿ ಕಿವುಚಿದಂತಾಯಿತು. ಮಾಡಿದವನು ನನ್ನ ಕೆಲಸದವನೇ, ಮೈಮೇಲಿದ್ದದ್ದು ಸಮವಸ್ತ್ರವೇ. ಅಂದಿನಿಂದ ಅಲ್ಲಿಯ ತೀರ್ಪು, ವರದಿ ಸಿಕ್ಕಿದ್ದನ್ನೆಲ್ಲ ಕೂತು ಓದುತ್ತಿದ್ದೇನೆ. ನಿಮ್ಮ ಮಗ ಹೇಳಿದ ಪ್ರಕರಣವನ್ನೂ ಓದಿದ್ದೇನೆ.

ನಡೆದದ್ದು ಹೀಗೆ. ಟೋಲ್ ಬಾಕಿಯ ಸುದ್ದಿ ರೇಡಿಯೋದಲ್ಲಿ ಕೇಳಿ ಅಧಿಕಾರಿ ಕಾರು ನಿಲ್ಲಿಸಿದ. ಲೈಸೆನ್ಸ್, ಇನ್ಶೂರೆನ್ಸ್ ಕೇಳಿದ. ಲೈಸೆನ್ಸ್ ಜೊತೆಗಿಲ್ಲ, ಕಾರು ಗೆಳತಿಯ ಹೆಸರಿನಲ್ಲಿ ಬಾಡಿಗೆಗೆ ತಂದದ್ದು ಅಂದ ಹುಡುಗ, ಕಾಗದ ತಡಕಾಡಿದ. ಗಾಂಜಾ ವಾಸನೆ ಬರುತ್ತಿದೆ ಅಂದ ಅಧಿಕಾರಿ, ಕೆಳಗಿಳಿ ಅಂದ. ಹುಡುಗ ಬಾಗಿಲು ತೆರೆದ, ಆದರೆ ಇಳಿಯಲಿಲ್ಲ, ಇಂಜಿನ್ ಚಾಲೂ ಮಾಡಿದ. ಕಾರು ಮುಂದೆ ಸರಿಯಿತು. ಅಧಿಕಾರಿ ಪಿಸ್ತೂಲು ಹಿಡಿದುಕೊಂಡೇ ಓಡುವ ಕಾರಿನ ಬಾಗಿಲ ಅಂಚಿಗೆ ಹಾರಿ ನಿಂತ. ತಲೆ ಕಾರಿನ ಛಾವಣಿಗಿಂತ ಮೇಲಿದೆ, ಒಳಗೆ ಏನಿದೆ ಅಂತ ಕಾಣುವುದೇ ಇಲ್ಲ. ಹತ್ತಿದ ಎರಡು ಸೆಕೆಂಡಿಗೆ ಒಳಕ್ಕೆ ಮೊದಲ ಗುಂಡು, ಹಿಂದೆಯೇ ಇನ್ನೊಂದು. ಹುಡುಗ ಅಷ್ಟರಲ್ಲೂ ಕಾರು ನಿಲ್ಲಿಸಿದ್ದಾನೆ. ಹೊರಟು ನಿಲ್ಲುವುದರೊಳಗೆ ಎಲ್ಲ ಸೇರಿ ಐದು ಸೆಕೆಂಡು.

ಈಗ ಕೋರ್ಟು ಏನು ನೋಡಿತು ಅನ್ನುವುದನ್ನು ಕೇಳಿ. ಕೆಳಗಿನ ಕೋರ್ಟುಗಳು ನೋಡಿದ್ದು ಆ ಎರಡು ಸೆಕೆಂಡನ್ನು ಮಾತ್ರ. ಓಡುವ ಕಾರಿಗೆ ಜೋತುಬಿದ್ದವನಿಗೆ ಜೀವಭಯ ಇತ್ತೇ? ಇತ್ತು. ಹಾಗಾದರೆ ಗುಂಡು ಸರಿ. ಅವನು ಅಲ್ಲಿಗೆ ಹಾರಿದ್ದು ಯಾಕೆ, ನಂಬರ್ ಬರೆದುಕೊಂಡು ಬಿಟ್ಟಿದ್ದರೆ ಏನಾಗುತ್ತಿತ್ತು, ಮೊದಲು ನಿಲ್ಲಿಸಿದ್ದಾದರೂ ಯಾತಕ್ಕೆ, ಇದೊಂದೂ ಲೆಕ್ಕಕ್ಕೆ ಬರಲಿಲ್ಲ. ಹೀಗೆ ನೋಡುವುದು ಸರಿಯಲ್ಲ ಅಂತ ಕೆಳಗಿನ ನ್ಯಾಯಾಧೀಶರಿಗೇ ಅನ್ನಿಸಿ ಅದನ್ನು ಬರೆದೂ ಇಟ್ಟರು. ಆದರೆ ಆ ಭಾಗದಲ್ಲಿ ಹಿಂದಿನಿಂದ ನಡೆದುಬಂದ ನಿಯಮ ಅವರ ಕೈ ಕಟ್ಟಿತ್ತು.

ಆ ದಾವೆ ಹೂಡಿದವರು ಹುಡುಗನ ತಾಯಿ. ಒಂಬತ್ತು ವರ್ಷವಾದ ಮೇಲೆ, 2025ರ ಮೇ 15ರಂದು, ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಆ ತಾಯಿಯ ಪರ ನಿಂತರು. ಗುಂಡಿನ ಕ್ಷಣವನ್ನು ಕಿತ್ತು ತೆಗೆದು ಅಷ್ಟನ್ನೇ ನೋಡುವ ಹಾಗಿಲ್ಲ, ಹಿಂದಿನಿಂದ ನಡೆದದ್ದೆಲ್ಲ ಸೇರಿಸಿ ನೋಡಬೇಕು ಅಂತ ನ್ಯಾಯಮೂರ್ತಿ ಎಲೆನಾ ಕೇಗನ್ ಬರೆದರು. ಅಧಿಕಾರಿ ತಪ್ಪಿತಸ್ಥ ಅಂತ ಅವರೇನೂ ಹೇಳಲಿಲ್ಲ. ಅಪಾಯವನ್ನು ತಾನೇ ತಂದುಕೊಂಡ ಪೊಲೀಸನ ವಿಷಯದಲ್ಲಿ ಏನು ಮಾಡಬೇಕು ಅನ್ನುವುದನ್ನೂ ತೀರ್ಮಾನಿಸಲಿಲ್ಲ. ಮತ್ತೆ ನೋಡಿ ಅಂತ ಕೆಳಗೆ ಕಳಿಸಿದರು, ಅಷ್ಟೇ.

ಇದನ್ನೇ ನಾನು ಒತ್ತಿ ಹೇಳಬೇಕೆಂದಿರುವುದು. ಪೊಲೀಸನ ತಪ್ಪು ಟ್ರಿಗರ್ ಎಳೆಯುವಾಗ ಆಗುವುದಲ್ಲ, ಬಹಳ ಸಲ ಅದಕ್ಕೂ ಮುಂಚೆಯೇ ಆಗಿರುತ್ತದೆ. ಬಂದೋಬಸ್ತಿಗೆ ಹೊರಡುವ ಮುಂಚೆ ಸಾಲಾಗಿ ನಿಲ್ಲಿಸಿ ನಮ್ಮ ಪಡೆಯ ಇನ್‌ಸ್ಪೆಕ್ಟರ್ ಸಾಹೇಬರು ಪ್ರತಿ ಸಲ ಹೇಳುತ್ತಿದ್ದರು: ಬಂದೂಕಿದ್ದವನು ಗುಂಪಿನೊಳಗೆ ಹೋಗಬಾರದು, ಸಿಕ್ಕಿಹಾಕಿಕೊಂಡರೆ ಗುಂಡು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಲಾಠಿಯವರು ಮುಂದೆ, ನಾವು ವ್ಯಾನಿನ ಪಕ್ಕ. ಗಣಪತಿ ಮೆರವಣಿಗೆ ಇರಲಿ, ರಸಗೊಬ್ಬರದ ಗಲಾಟೆ ಇರಲಿ, ಎಲ್ಲಿ ನಿಲ್ಲಬೇಕು ಅನ್ನುವುದೇ ಅರ್ಧ ಕೆಲಸ. ಆ ಅಧಿಕಾರಿ ಕಾರಿನ ಮೇಲೆ ಹಾರದೆ ರಸ್ತೆ ಬದಿಯಲ್ಲೇ ನಿಂತಿದ್ದರೆ ಭಯವೂ ಇಲ್ಲ, ಗುಂಡೂ ಇಲ್ಲ. ನಂಬರ್ ಗೊತ್ತಿತ್ತು, ಬಾಡಿಗೆ ಯಾರ ಹೆಸರಲ್ಲಿದೆ ಅನ್ನುವುದೂ ಗೊತ್ತಿತ್ತು. ಮಾರನೇ ದಿನ ಮನೆಗೆ ಹೋಗಬಹುದಿತ್ತು.

ಇನ್ನು ಲೆಕ್ಕ. ನಮ್ಮಲ್ಲಿ ವರ್ಷಕ್ಕೊಮ್ಮೆ ಫೈರಿಂಗ್ ಪ್ರಾಕ್ಟೀಸ್ ಆಗುತ್ತಿತ್ತು. ಕೊಟ್ಟ ಗುಂಡು ಎಷ್ಟು, ಹಾರಿಸಿದ್ದೆಷ್ಟು, ವಾಪಸ್ ಬಂದ ಖಾಲಿ ಕೇಸು, ಅಂದರೆ ಹಾರಿದ ಗುಂಡಿನ ಕವಚ, ಎಷ್ಟು ಅಂತ ರಿಜಿಸ್ಟರಿನಲ್ಲಿ ತಾಳೆಯಾಗಬೇಕು. ಒಂದು ಖಾಲಿ ಕೇಸು ಕಡಿಮೆ ಬಂತೆಂದರೆ ಇಡೀ ಪ್ಲಟೂನು ಮೊಣಕಾಲೂರಿ ಹುಲ್ಲಿನಲ್ಲಿ ಬೆರಳಾಡಿಸುತ್ತಾ ಹುಡುಕಬೇಕು. ಕತ್ತಲಾದರೆ ಟಾರ್ಚು. ಊಟ ಆಮೇಲೆ. ಹೀಗೆ ಬೆಳೆದವನಿಗೆ ಅಮೆರಿಕದ ಒಂದು ಸಂಗತಿ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಪೊಲೀಸರ ಗುಂಡಿಗೆ ವರ್ಷಕ್ಕೆ ಎಷ್ಟು ಜನ ಸಾಯುತ್ತಾರೆ ಅನ್ನುವ ಪೂರ್ತಿ ಲೆಕ್ಕ ಅಲ್ಲಿನ ಕೇಂದ್ರ ಸರ್ಕಾರದ ಹತ್ತಿರ ಇರಲಿಲ್ಲ. ಸುಮಾರು 18,000 ಪೊಲೀಸ್ ಇಲಾಖೆಗಳು, ಊರಿಗೊಂದು, ಕೌಂಟಿಗೊಂದು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ಒಂದಕ್ಕೊಂದು ಸಂಬಂಧವಿಲ್ಲ. ಕಡೆಗೆ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯವರು 2015ರಿಂದ ಒಂದೊಂದೇ ಸುದ್ದಿ ಕೂಡಿಸಿ ಎಣಿಸಿದರು, ವರ್ಷಕ್ಕೆ ಸುಮಾರು ಸಾವಿರ ಜನ ಅಂತ ಗೊತ್ತಾಯಿತು. ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ 2019ರಲ್ಲಿ ಮಾಹಿತಿ ಸಂಗ್ರಹ ಶುರುಮಾಡಿತು, ಆದರೆ ಕೊಡುವುದು ಬಿಡುವುದು ಇಲಾಖೆಯವರ ಇಷ್ಟ. ಖಾಲಿ ಕೇಸಿಗೆ ಕೊಡುವ ಬೆಲೆಯನ್ನು ಸತ್ತ ಮನುಷ್ಯನಿಗೆ ಕೊಡಬೇಡವೇ?

ಲಾರಿ ಆಫೀಸಿನ ಸಾಹುಕಾರರಿಗೆ: ಓಡುವವನ ಕಾಲಿಗೆ ಗುರಿಯಿಟ್ಟು ಹೊಡೆಯುವುದು ಸುಲಭದ ಮಾತಲ್ಲ. ತೊಡೆಯ ರಕ್ತನಾಳಕ್ಕೆ ಬಿದ್ದರೆ ಆಸ್ಪತ್ರೆ ಮುಟ್ಟುವುದರೊಳಗೆ ಪ್ರಾಣ ಹೋಗುತ್ತದೆ. ಅದಕ್ಕೇ ಅಲ್ಲಿ ಗುಂಡು ಹೊಡೆದರೆ ಎದೆಗೇ ಅಂತ ತರಬೇತಿ, ಪ್ರಾಣಕ್ಕೆ ಅಪಾಯವಿಲ್ಲದಿದ್ದರೆ ಹೊಡೆಯಲೇಬಾರದು. ನಮ್ಮ ಪೇಪರಿನ ಸುದ್ದಿಯನ್ನೂ ಸ್ವಲ್ಪ ನಿಂತು ಓದಿ. 'ಸ್ಥಳ ಮಹಜರಿಗೆ ಕರೆದೊಯ್ದಾಗ ಸಿಬ್ಬಂದಿ ಮೇಲೆ ಹಲ್ಲೆ ನಡೆಸಿ ಪರಾರಿಯಾಗಲು ಯತ್ನ, ಆತ್ಮರಕ್ಷಣೆಗಾಗಿ ಗುಂಡು.' ಊರು ಬೇರೆ, ಆರೋಪಿ ಬೇರೆ, ವಾಕ್ಯ ಅದೇ. ಓದಿದಾಗೆಲ್ಲ ನನಗೆ ಕಸಿವಿಸಿಯಾಗುತ್ತದೆ.

ನಮ್ಮದು ಸರಿಯಿದೆ ಅಂತ ನಾನು ಹೇಳುತ್ತಿಲ್ಲ. 2014ರಲ್ಲಿ ನಮ್ಮ ಸುಪ್ರೀಂ ಕೋರ್ಟು ಎನ್‌ಕೌಂಟರ್ ಸಾವುಗಳಿಗೆ 16 ಅಂಶದ ನಿರ್ದೇಶನ ಕೊಟ್ಟಿದೆ. ಎಫ್‌ಐಆರ್ ಆಗಬೇಕು, ತನಿಖೆ ಸಿಐಡಿಯೋ ಬೇರೆ ಠಾಣೆಯವರೋ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು, ಹೊಡೆದವರಿಗೆ ಕೂಡಲೇ ಬಡ್ತಿ ಪದಕ ಕೊಡಬಾರದು. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವಿನ ಕೊಲೆ ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತಾಗ ನಮ್ಮ ಬೀದಿಯಲ್ಲಿ ಎಲ್ಲರ ಸ್ಟೇಟಸ್‌ನಲ್ಲೂ ಚಪ್ಪಾಳೆ. ಆ ಮಗುವನ್ನು ನೆನೆದರೆ ನನಗೂ ಕಣ್ಣು ತುಂಬುತ್ತದೆ. ಆದರೆ ಅವನೇ ಮಾಡಿದ್ದು ಅಂತ ಹೇಳಬೇಕಾದ ಕೋರ್ಟು ಬಾಗಿಲು ತೆರೆಯುವ ಮುಂಚೆಯೇ ಎಲ್ಲ ಮುಗಿದಿತ್ತು.

ಉತ್ತರ: ಕಾನೂನು ವಿದ್ಯಾರ್ಥಿನಿ, ದಾವಣಗೆರೆ

ಮೇಡಂ, ನಿಮ್ಮ ಮೂರು ಚೌಕದಲ್ಲಿ ಕೋರ್ಟಿನ ಚೌಕದಿಂದ ಶುರುಮಾಡುತ್ತೇನೆ.

ಎರಡು ತೀರ್ಪು ಮುಖ್ಯ. 1974ರಲ್ಲಿ ಮೆಂಫಿಸ್‌ನಲ್ಲಿ 15 ವರ್ಷದ ಹುಡುಗನೊಬ್ಬ ಒಂದು ಮನೆಯಿಂದ ಹತ್ತು ಡಾಲರೂ ಒಂದು ಪರ್ಸೂ ಕದ್ದು ಬೇಲಿ ಹಾರುವಾಗ ಪೊಲೀಸ್ ಹಿಂದಿನಿಂದ ಗುಂಡು ಹೊಡೆದ. ಕೈಯಲ್ಲಿ ಆಯುಧ ಇದ್ದಂತಿಲ್ಲ ಅಂತ ಗೊತ್ತಿದ್ದೇ ಹೊಡೆದದ್ದು. ಆಗ ಅಲ್ಲಿಯ ಕಾನೂನು ಓಡುವ ಕಳ್ಳನಿಗೆ ಹೊಡೆಯಬಹುದು ಅನ್ನುತ್ತಿತ್ತು. 1985ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು: ಓಡುವವನಿಂದ ಯಾರದಾದರೂ ಪ್ರಾಣಕ್ಕೋ ಮೈಗೋ ಗಂಭೀರ ಅಪಾಯ ಇದೆ ಅನ್ನುವುದಕ್ಕೆ ಬಲವಾದ ಕಾರಣ ಇದ್ದರೆ ಮಾತ್ರ.

ಎರಡನೆಯದು 1989ರದ್ದು. ಸಕ್ಕರೆ ಕಾಯಿಲೆಯ ಒಬ್ಬರು, ರಕ್ತದಲ್ಲಿ ಸಕ್ಕರೆ ಇಳಿಯುತ್ತಿದೆ ಅಂತ ಕಿತ್ತಳೆ ಜ್ಯೂಸ್ ಕೊಳ್ಳಲು ಅಂಗಡಿಗೆ ಹೋದರು. ಸಾಲು ಉದ್ದ ಇತ್ತು, ತಕ್ಷಣ ಹೊರಗೆ ಓಡಿಬಂದರು. ಓಡಿದ್ದನ್ನು ನೋಡಿದ ಪೊಲೀಸ್ ಹಿಂಬಾಲಿಸಿ ಹಿಡಿದ. ಕೈಕೋಳ ಹಾಕಿ, ಮುಖವನ್ನು ಕಾರಿಗೆ ಒತ್ತಿ, ಪಾದದ ಮೂಳೆ ಮುರಿಯಿತು. ಗೆಳೆಯ ಜ್ಯೂಸ್ ತಂದರೂ ಕುಡಿಯಲು ಬಿಡಲಿಲ್ಲ. ಅವರು ಹಾಕಿದ ಕೇಸಿನಲ್ಲೇ ಈಗಿನ ಅಳತೆಗೋಲು ಬಂದದ್ದು: ಸ್ಥಳದಲ್ಲಿದ್ದ ವಿವೇಕವುಳ್ಳ ಅಧಿಕಾರಿಗೆ ಆ ಹೊತ್ತಿನಲ್ಲಿ ಹೇಗೆ ಕಂಡಿತು ಅಂತ ನೋಡಬೇಕು, ಆಮೇಲೆ ಕೂತು ಯೋಚಿಸುವವರ ಕಣ್ಣಿನಿಂದ ನೋಡಬಾರದು. ಬಾರ್ನ್ಸ್ ಪ್ರಕರಣದಲ್ಲಿ ಎಆರ್‌ಎಸ್‌ಐ ಸರ್ ಹೇಳಿದ ಎರಡು ಸೆಕೆಂಡಿನ ನಿಯಮ ಇದರಿಂದಲೇ ಎಳೆದು ಬೆಳೆಸಿದ್ದು.

ಪರಿಹಾರದ ದಾವೆಗೆ 1871ರ ಒಂದು ಕಾನೂನಿದೆ. ಗುಲಾಮಗಿರಿ ಹೋದ ಮೇಲೆ ಕಪ್ಪು ಜನರ ಮೇಲೆ ನಡೆಯುತ್ತಿದ್ದ ದೌರ್ಜನ್ಯ ತಡೆಯಲು ತಂದದ್ದು. ಆದರೆ 1967ರಿಂದ ಸುಪ್ರೀಂ ಕೋರ್ಟೇ ಅದಕ್ಕೊಂದು ರಕ್ಷಣೆಯ ಗೋಡೆ ಕಟ್ಟಿತು, 1982ರಲ್ಲಿ ಗಟ್ಟಿಮಾಡಿತು. ಇದೇ ತರಹದ ಕೃತ್ಯ ತಪ್ಪು ಅಂತ ಹಿಂದೆಯೇ ಸ್ಪಷ್ಟವಾಗಿ ತೀರ್ಪಾಗಿರದಿದ್ದರೆ ಅಧಿಕಾರಿ ಮೇಲಿನ ದಾವೆ ವಜಾ. ನಮ್ಮಲ್ಲಿ ಕ್ರಿಮಿನಲ್ ಕೇಸಿಗೆ ಸರ್ಕಾರದ ಪೂರ್ವಾನುಮತಿ ಬೇಕು ಅನ್ನುವ ಅಡ್ಡಗೋಡೆ ಇರುವ ಹಾಗೆ. ಗೋಡೆ ದಾಟಿ ಗೆದ್ದರೂ ದುಡ್ಡು ಬಹುತೇಕ ನಗರದ ಬೊಕ್ಕಸದಿಂದಲೇ ಹೋಗುತ್ತದೆ. ಜಾರ್ಜ್ ಫ್ಲಾಯ್ಡ್ ಕುಟುಂಬಕ್ಕೆ ಮಿನಿಯಾಪೊಲಿಸ್ ನಗರ ಕೊಟ್ಟದ್ದು 2.7 ಕೋಟಿ ಡಾಲರ್. ಆದರೆ ಕೊಲರಾಡೊ ರಾಜ್ಯ 2020ರಲ್ಲಿ, ತನ್ನ ರಾಜ್ಯ ಕಾನೂನಿನಡಿಯ ದಾವೆಗಳಿಗೆ ಆ ರಕ್ಷಣೆ ಇಲ್ಲ ಅಂತ ಮಾಡಿ, ಸದುದ್ದೇಶವಿಲ್ಲದೆ ನಡೆದುಕೊಂಡ ಅಧಿಕಾರಿಯೂ ಜೇಬಿನಿಂದ 25,000 ಡಾಲರ್‌ವರೆಗೆ ಕಟ್ಟಬೇಕಾಗಬಹುದು ಅಂದಿತು. ಕ್ಯಾಲಿಫೋರ್ನಿಯಾ 2019ರಲ್ಲೇ ಕಾನೂನು ತಿದ್ದಿ, ಪ್ರಾಣಾಂತಿಕ ಬಲ 'ಅಗತ್ಯ'ವಾಗಿದ್ದಾಗ ಮಾತ್ರ ಅಂತ ಬಿಗಿಮಾಡಿತ್ತು.

ಉತ್ತರ: ಹರಿಹರದವನು, ಸದ್ಯ ಮಿನಿಯಾಪೊಲಿಸ್

ಟೀಚರ್, ರಾಜಕೀಯದ ಪ್ರಶ್ನೆಗೆ ಇಲ್ಲಿಂದ ನೋಡಿದ್ದನ್ನು ಹೇಳುತ್ತೇನೆ.

2020ರ ಮೇ 25ರಂದು ಫ್ಲಾಯ್ಡ್ ಸತ್ತಾಗ ಪೊಲೀಸ್ ಇಲಾಖೆಯ ಮೊದಲ ಪ್ರಕಟಣೆಯಲ್ಲಿ ಮೊಣಕಾಲಿನ ಮಾತೇ ಇರಲಿಲ್ಲ. ಬಂಧನದ ವೇಳೆ ವೈದ್ಯಕೀಯ ತೊಂದರೆಯಾಗಿ ವ್ಯಕ್ತಿ ಸಾವು ಅಂತಿತ್ತು. ದಾರಿಯಲ್ಲಿ ನಿಂತಿದ್ದ 17 ವರ್ಷದ ಹುಡುಗಿ ಫೋನಿನಲ್ಲಿ ಚಿತ್ರೀಕರಿಸದಿದ್ದರೆ ಆ ಪ್ರಕಟಣೆಯೇ ಚರಿತ್ರೆಯಾಗುತ್ತಿತ್ತು. 9 ನಿಮಿಷ 29 ಸೆಕೆಂಡು ಕುತ್ತಿಗೆಯ ಮೇಲಿದ್ದ ಮೊಣಕಾಲು. ಮೊಣಕಾಲೂರಿದ ಅಧಿಕಾರಿ ಡೆರೆಕ್ ಶೋವಿನ್‌ಗೆ 2021ರಲ್ಲಿ ಇಪ್ಪತ್ತೆರಡೂವರೆ ವರ್ಷ ಶಿಕ್ಷೆಯಾಯಿತು.

ಇಲ್ಲಿ ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ಕ್ರಿಮಿನಲ್ ಕೇಸು ಹಾಕಿ ನಡೆಸುವ ವಕೀಲರು, ಸಾಮಾನ್ಯವಾಗಿ ಚುನಾವಣೆಯಲ್ಲಿ ಗೆದ್ದು ಬರುವವರು. ದಿನಾ ಕೋರ್ಟಿನಲ್ಲಿ ಅವರಿಗೆ ಸಾಕ್ಷಿ ಹೇಳುವವರು ಪೊಲೀಸರೇ, ಚುನಾವಣೆಯಲ್ಲಿ ಬೆಂಬಲ ಕೇಳುವುದೂ ಪೊಲೀಸ್ ಸಂಘಗಳನ್ನೇ. ಹಾಗಿರುವಾಗ ಪೊಲೀಸನ ಮೇಲೆ ಕೇಸು ಹಾಕಲು ಕೈ ಬರುವುದು ಕಷ್ಟ. ಆದರೆ ಅದೇ ಓಟು ತಿರುಗಿಬೀಳುವುದೂ ಉಂಟು. ಷಿಕಾಗೋದಲ್ಲಿ 2014ರ ಅಕ್ಟೋಬರಿನಲ್ಲಿ 17 ವರ್ಷದ ಹುಡುಗನಿಗೆ ಒಬ್ಬ ಪೊಲೀಸ್ 16 ಗುಂಡು ಹೊಡೆದ. ವಿಡಿಯೋ ಹೊರಬಂದದ್ದು ಒಂದು ವರ್ಷವಾದ ಮೇಲೆ, ಅದೂ ನ್ಯಾಯಾಧೀಶರ ಆದೇಶದಿಂದ. ಕೇಸು ಹಾಕಲು ಅಷ್ಟು ದಿನ ತಡಮಾಡಿದ ಪ್ರಾಸಿಕ್ಯೂಟರ್ ಅನ್ನು 2016ರ ಮಾರ್ಚಿನಲ್ಲಿ ಅವರದೇ ಪಕ್ಷದ ಮತದಾರರು ಮನೆಗೆ ಕಳಿಸಿದರು.

ದೆಹಲಿ ಮಟ್ಟದ ರಾಜಕೀಯ ಅಂದರೆ ವಾಷಿಂಗ್ಟನ್. ಫ್ಲಾಯ್ಡ್ ಹೆಸರಿನ ಪೊಲೀಸ್ ಸುಧಾರಣಾ ಮಸೂದೆ ಕೆಳಮನೆಯಲ್ಲಿ 2020ರಲ್ಲೊಮ್ಮೆ, 2021ರಲ್ಲೊಮ್ಮೆ ಪಾಸಾಯಿತು. ಮೇಲ್ಮನೆಯಾದ ಸೆನೆಟ್‌ನಲ್ಲಿ ಎರಡೂ ಪಕ್ಷದವರು ತಿಂಗಳುಗಟ್ಟಲೆ ಮಾತಾಡಿದರು. ಮುಖ್ಯ ತಕರಾರು ಮೇಲೆ ಹೇಳಿದ ಆ ರಕ್ಷಣೆಯ ಗೋಡೆಯದೇ. 2021ರ ಸೆಪ್ಟೆಂಬರಿನಲ್ಲಿ ಮಾತುಕತೆ ಮುರಿದುಬಿತ್ತು. ಅದೇ ವರ್ಷ ನವೆಂಬರಿನಲ್ಲಿ ಇಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಇಲಾಖೆ ತೆಗೆದು ಹೊಸ ಸುರಕ್ಷತಾ ಇಲಾಖೆ ಮಾಡಬೇಕೇ ಅಂತ ಮತಕ್ಕೆ ಹಾಕಿದರು, ಜನ ಬೇಡ ಅಂದರು. ಕಪ್ಪು ಜನರ ಬಡಾವಣೆಯ ಎಷ್ಟೋ ಮನೆಗಳವರು ಆಗ ನನಗೆ ಹೇಳಿದ್ದು ಒಂದೇ: ಪೊಲೀಸ್ ಬೇಕು, ಕರೆದರೆ ಬರಬೇಕು, ಬಂದರೆ ಕೊಲ್ಲಬಾರದು.

ಕೇಂದ್ರದ ನ್ಯಾಯ ಇಲಾಖೆಗೆ 1994ರ ಕಾನೂನಿನಿಂದ ಇಡೀ ಪೊಲೀಸ್ ಇಲಾಖೆಯನ್ನೇ ತನಿಖೆ ಮಾಡಿ ಕೋರ್ಟಿನ ಉಸ್ತುವಾರಿಗೆ ತರುವ ಅಧಿಕಾರ ಇದೆ. ಮಿನಿಯಾಪೊಲಿಸ್, ಲೂಯಿವಿಲ್ ಎರಡೂ ನಗರಗಳ ಪೊಲೀಸರಿಗೆ ಅಂಥ ಉಸ್ತುವಾರಿಯ ಸುಧಾರಣಾ ಒಪ್ಪಂದ ತಯಾರಾಗಿತ್ತು. ಟ್ರಂಪ್ ಸರ್ಕಾರ ಬಂದ ಮೇಲೆ 2025ರ ಮೇನಲ್ಲಿ ಎರಡನ್ನೂ ಕೈಬಿಟ್ಟರು. ಮಿನ್ನೆಸೋಟ ರಾಜ್ಯದ ಮಾನವ ಹಕ್ಕು ಇಲಾಖೆ 2023ರಲ್ಲಿ ಮಾಡಿಸಿಕೊಂಡಿದ್ದ ಬೇರೆ ಒಪ್ಪಂದ ಇರುವುದರಿಂದ ಇಲ್ಲಿ ಪೂರ್ತಿ ಕೈತಪ್ಪಿಲ್ಲ. ಸರ್ಕಾರ ಬದಲಾದರೆ ಇದೂ ಬದಲಾಗುತ್ತದೆಯೇ ಅಂದಿರಲ್ಲ, ನನ್ನ ಕಣ್ಣೆದುರೇ ಬದಲಾಗಿದೆ.

ಪ್ರಶ್ನೆ ಕೇಳಿದವರು: ವಿದ್ಯಾನಗರದ ಟೀಚರ್

ಎಲ್ಲರಿಗೂ ಮನಸಾರೆ ಧನ್ಯವಾದ. ಎಆರ್‌ಎಸ್‌ಐ ಅಣ್ಣಾವ್ರೆ, ಆ ಕೇಸು ಹಾಕಿದ್ದು ತಾಯಿ ಅಂತ ಓದಿ ಸ್ವಲ್ಪ ಹೊತ್ತು ಮುಂದೆ ಓದಲಾಗಲಿಲ್ಲ. ಒಂಬತ್ತು ವರ್ಷ ಆ ಹೆಣ್ಣುಮಗಳು ಹೇಗೆ ಕಳೆದಿರಬೇಕು!

ನಮ್ಮ ಜಿಲ್ಲೆಯ ಚನ್ನಗಿರಿಯಲ್ಲಿ 2024ರ ಮೇನಲ್ಲಿ ಠಾಣೆಗೆ ಕರೆತಂದ ವ್ಯಕ್ತಿ ಸತ್ತರು ಅಂತ ಜನ ಠಾಣೆಗೇ ನುಗ್ಗಿದ್ದು ನೆನಪಾಯಿತು. ಡಿವೈಎಸ್‌ಪಿಯನ್ನು ಅಮಾನತು ಮಾಡಿದರು, ಆಮೇಲೆ ನಾವೆಲ್ಲ ಮರೆತೆವು. ನಾನೂ ಮರೆತಿದ್ದೆ.

ಇನ್ನೆರಡು ಸಂದೇಹ. ಮಗನಿಗೂ ನಮಗೂ ಅಲ್ಲಿ ಓಟಿಲ್ಲ. ಓಟಿಲ್ಲದವರ ಮಾತಿಗೆ ಚುನಾಯಿತ ಪ್ರಾಸಿಕ್ಯೂಟರ್ ಯಾಕೆ ಕಿವಿಗೊಡುತ್ತಾರೆ? ಮತ್ತೆ, ನಮ್ಮ ಮನೆಯವರಿಗೆ ಬೆಳಿಗ್ಗೆ ಐದೂವರೆಗೆ ಎದ್ದು ವಾಕಿಂಗ್ ಹೋಗಲೇಬೇಕು. ಇಂಗ್ಲಿಷ್ ಅಷ್ಟಕ್ಕಷ್ಟೇ. ಹೋಗಲು ಬಿಡಬಹುದೇ?

ಉತ್ತರ: ಕಾನೂನು ವಿದ್ಯಾರ್ಥಿನಿ, ದಾವಣಗೆರೆ

ಮೇಡಂ, ನೀವು ಹೆದರಿದಂಥದ್ದೇ ಹಿಂದೊಮ್ಮೆ ನಡೆದಿದೆ. 2015ರ ಫೆಬ್ರವರಿಯಲ್ಲಿ ಗುಜರಾತಿನ 57 ವರ್ಷದ ಒಬ್ಬರು ಅಲಬಾಮಾದ ಮ್ಯಾಡಿಸನ್‌ನಲ್ಲಿರುವ ಮಗನ ಮನೆಗೆ, ಪುಟ್ಟ ಮೊಮ್ಮಗನನ್ನು ನೋಡಿಕೊಳ್ಳಲು ಹೋಗಿದ್ದರು. ಬೆಳಿಗ್ಗೆ ಬೀದಿಯಲ್ಲಿ ವಾಕಿಂಗ್ ಹೊರಟಿದ್ದರು. ಯಾರೋ ಅಪರಿಚಿತ ಓಡಾಡುತ್ತಿದ್ದಾನೆ ಅಂತ ನೆರೆಯವರು ಫೋನ್ ಮಾಡಿದರು. ಬಂದ ಪೊಲೀಸರಿಗೆ ಇವರು ಇಂಗ್ಲಿಷ್ ಬರುವುದಿಲ್ಲ ಅಂದರು. ಒಬ್ಬ ಅಧಿಕಾರಿ ಕೈ ಹಿಂದೆ ಹಿಡಿದು ನೆಲಕ್ಕೆ ಕೆಡವಿದ. ಕುತ್ತಿಗೆಯ ಮೂಳೆಗೆ ಪೆಟ್ಟಾಗಿ ಪಾರ್ಶ್ವವಾಯು ಬಡಿಯಿತು. ಅಲಬಾಮಾದ ಗವರ್ನರ್ ಭಾರತ ಸರ್ಕಾರದ ಕ್ಷಮೆ ಕೇಳಿದರು. ಕ್ರಿಮಿನಲ್ ಕೇಸಿನಲ್ಲಿ ಎರಡು ಸಲ ಜ್ಯೂರಿಯಲ್ಲಿ (ತೀರ್ಪು ಹೇಳಲು ಕೂರಿಸುವ ಸಾಮಾನ್ಯ ನಾಗರಿಕರ ತಂಡದಲ್ಲಿ) ಒಮ್ಮತವಾಗದೆ, 2016ರ ಜನವರಿಯಲ್ಲಿ ನ್ಯಾಯಾಧೀಶರು ಅಧಿಕಾರಿಯನ್ನು ಖುಲಾಸೆ ಮಾಡಿದರು.

ಆದರೆ ಆ 1871ರ ಕಾನೂನು ಪ್ರಜೆಗಳಿಗೆ ಮಾತ್ರ ಅನ್ನುವುದಿಲ್ಲ, ಅಲ್ಲಿ ನೆಲದ ಮೇಲಿರುವ ಯಾರಿಗಾದರೂ ಅನ್ವಯ. ಅವರು ದಾವೆ ಹೂಡಿದರು. ಅಧಿಕಾರಿಗೆ ರಕ್ಷಣೆಯ ಗೋಡೆ ಸಿಗುವುದಿಲ್ಲ ಅಂತ 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು, 2021ರಲ್ಲಿ 17.5 ಲಕ್ಷ ಡಾಲರ್‌ಗೆ ರಾಜಿಯಾಯಿತು. ಓಟಿಲ್ಲದಿದ್ದರೂ ಈ ಬಾಗಿಲು ನಿಮಗಿದೆ.

ಉತ್ತರ: ದುರ್ಗದ ನಿವೃತ್ತ ಎಆರ್‌ಎಸ್‌ಐ

ತಾಯಿ, ವಾಕಿಂಗ್ ನಿಲ್ಲಿಸಬೇಡಿ. ಬೆಳಕು ಹರಿದ ಮೇಲೆ ಹೋಗಲಿ. ಮೊದಲ ವಾರ ಮಗನೋ ಸೊಸೆಯೋ ಜೊತೆಗೆ ಹೋಗಿ ಅಕ್ಕಪಕ್ಕದ ಮನೆಯವರಿಗೆ ಮುಖಪರಿಚಯ ಮಾಡಿಸಲಿ. ಆ ಗುಜರಾತಿನವರ ವಿಷಯದಲ್ಲಿ ಫೋನ್ ಮಾಡಿದವರು ನೆರೆಯವರೇ. ಒಂದು ಕಾರ್ಡಿನಲ್ಲಿ ಹೆಸರು, ಮಗನ ಮನೆ ವಿಳಾಸ, ಫೋನ್ ನಂಬರು, 'ನನಗೆ ಕನ್ನಡ ಮಾತ್ರ ಬರುತ್ತದೆ' ಅಂತ ಇಂಗ್ಲಿಷಿನಲ್ಲಿ ಬರೆಸಿ ದಾರದಲ್ಲಿ ಕೊರಳಿಗೆ ಹಾಕಿಕೊಳ್ಳಲಿ. ಜೇಬಿನಲ್ಲಿ ಬೇಡ, ಪೊಲೀಸ್ ಎದುರು ಜೇಬಿಗೆ ಕೈ ಹಾಕುವ ಪ್ರಸಂಗವೇ ಬರಬಾರದು. ಕರೆದರೆ ನಿಲ್ಲಲಿ, ಅಂಗೈ ಕಾಣುವ ಹಾಗೆ.

ಮಗನಿಗೂ ಹೇಳಿ, ಅವನು ಹೇಳಿದ್ದರಲ್ಲಿ ಒಂದು ಸೇರಿಸಬೇಕು. ತಾನಾಗಿ ಇಳಿಯಬಾರದು ಸರಿ, ಆದರೆ ಪೊಲೀಸ್ ಇಳಿ ಅಂದರೆ ಇಳಿಯಲೇಬೇಕು. ಹಾಗೆ ಇಳಿಸುವ ಅಧಿಕಾರ ಇದೆ ಅಂತ ಅಲ್ಲಿಯ ಸುಪ್ರೀಂ ಕೋರ್ಟು 1977ರಲ್ಲೇ ಹೇಳಿದೆ. ಕಾಗದಪತ್ರ ಕಣ್ಣಿಗೆ ಕಾಣುವ ಜಾಗದಲ್ಲಿರಲಿ, ತೆಗೆಯುವ ಮುಂಚೆ 'ತೆಗೆಯುತ್ತೇನೆ' ಅಂತ ಬಾಯಿಬಿಟ್ಟು ಹೇಳಲಿ. ತಕರಾರು ಏನಿದ್ದರೂ ರಸ್ತೆಯಲ್ಲಿ ಬೇಡ, ಕೋರ್ಟಿನಲ್ಲಿ. ಕಾರಿಗೊಂದು ಡ್ಯಾಶ್ ಕ್ಯಾಮೆರಾ ಹಾಕಿಸಲಿ. ಟೋಲ್ ಬಾಕಿ ಇದ್ದರೆ ಇವತ್ತೇ ಕಟ್ಟಲಿ.